ಅತ್ತೆಯ ಬಾಯಿಗೆ ನಾನಿಟ್ಟ ಭಾಷಣ

ಹೋಟೆಲಿನ ಗಲ್ಲಾದ ಮೇಲೆ ಹಿತ್ತಾಳೆಯ ಗಂಟೆಯೊಂದಿರುತ್ತದಲ್ಲ, ಮಾಣಿಯನ್ನು ಕರೆಯಲು ಅಂಗೈಯಿಂದ ತಟ್ಟುವಂಥದ್ದು. ಅದು ಠಣ್ ಎಂದರೆ ಇಂದಿಗೂ ನನ್ನ ನಾಲಗೆ ಓಡತೊಡಗುತ್ತದೆ. ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿಯಿತೆಂದು ತಟ್ಟುತ್ತಿದ್ದುದೂ ಅಂಥದೇ ಗಂಟೆ. ಈ ಬೆಳಿಗ್ಗೆ ಅದು ಸದ್ದು ಮಾಡಿದಾಗ ಎದುರು ಕೂತ ಗೆಳೆಯ ಶಂಕರ, ಬರೆಯುವವರು ಹುಟ್ಟುತ್ತಲೇ ಬರಹಗಾರರು ಎಂದು ಸಾಧಿಸುತ್ತಿದ್ದ. ನನ್ನ ಮನಸ್ಸು ಮಾತ್ರ ಬೇರೆಲ್ಲೋ ಹೋಯಿತು.

ಕಾಲೇಜಿನಲ್ಲಿ ನಾನು ಯಾವ ವಿಷಯದ ಪರವಾಗಿಯೂ ಮಾತಾಡಬಲ್ಲವನಾಗಿದ್ದೆ, ವಿರೋಧವಾಗಿಯೂ. ದೇವರಿಲ್ಲವೆಂದು ವಾದಿಸಿ ಶಿವಮೊಗ್ಗದಲ್ಲಿ ಗೆದ್ದ ಬಟ್ಟಲನ್ನು ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಯಲ್ಲಿ ಗೌರತ್ತೆ ದೇವರ ಮುಂದೆಯೇ ಇಟ್ಟಿದ್ದರು. ಅವರು ಅಪ್ಪನ ತಂಗಿ. ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಾಗಲೇ ಎದೆನೋವು ಬಂದು ತೀರಿಕೊಂಡ ಮೇಲೆ ನಮ್ಮೊಡನಿದ್ದರು. ಆ ದಿನ ನಾನು ಶಿವಮೊಗ್ಗದಲ್ಲಿದ್ದೆ. ಸುದ್ದಿ ಬಂದಾಗ ಅತ್ತೆ ಏನಂದರೆಂದು ಯಾರನ್ನೂ ಕೇಳಲಿಲ್ಲ. ಕೇಳುವ ಬದಲು ಕಥೆ ಬರೆದೆ.

ಶಿವಮೊಗ್ಗದ ವಕೀಲರೊಬ್ಬರ ಮಹಡಿಯಲ್ಲಿ ಕಥೆ ಓದುವ ಕೂಟವಿತ್ತು. ಅದಕ್ಕೊಂದು ಕಟ್ಟಳೆ: ಓದಿದವನು ಕಾಫಿ ಬರುವವರೆಗೆ ತುಟಿ ಬಿಚ್ಚುವಂತಿಲ್ಲ, ಉಳಿದವರು ಅವನೆದುರೇ ಕಥೆಯನ್ನು ಹರಿದು ಹಾಕಬಹುದು. ಅಲ್ಲಿ ಒಪ್ಪಿಗೆಯಾದದ್ದು ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ನನಗೆ ಆ ಅಚ್ಚು ಬೇಕಿತ್ತು. ಹೊರಟಾಗ ಅತ್ತೆಯೂ ಎದ್ದು ನಿಂತರು. "ನೀನು ಗೆದ್ದು ತಂದಿದ್ದೇ ನೋಡಿದೀನಿ, ಮಾತಾಡೋದು ಕೇಳಿಲ್ಲ. ನಾನೂ ಬರ್ತೀನಿ." ಬೇಡವೆನ್ನಲು ನನ್ನಂಥವನಿಗೂ ಒಂದು ಕಾರಣ ಹೊಳೆಯಲಿಲ್ಲ. ಅವರದೇ ಕಥೆಯಿದ್ದ ಹಾಳೆಗಳನ್ನು ರೈಲಿನುದ್ದಕ್ಕೂ ಅವರಿಗೆ ಕಾಣದಂತೆ ಮಡಚಿ ಹಿಡಿದಿದ್ದೆ.

ಓದಿದೆ. ನನ್ನ ಕಥೆಯ ವಿಧವೆ, ಗಂಡನ ಊಟದ ಕ್ಯಾರಿಯರ್ ಹಿಡಿದು ಸುದ್ದಿ ತಂದವನೆದುರು ನಿಂತು ಕಬ್ಬಿಣ, ಬೆಂಕಿ, ಮನುಷ್ಯನ ಬೆಲೆ ಕುರಿತು ಮಾತಾಡುತ್ತಾಳೆ; ಪೀಠಿಕೆ, ಮೂರು ಅಂಶ, ಉಪಸಂಹಾರ. ಅತ್ತೆ ಬಾಗಿಲ ಬಳಿ ಬೆಂಚಿನ ಅಂಚು ಹಿಡಿದು ಕೂತಿದ್ದರು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಪತ್ರಿಕೆಯ ಸಂಪಾದಕರು ಕನ್ನಡಕ ತೆಗೆದು, ಸಾವಿನ ಸುದ್ದಿ ಕೇಳಿದ ಹೆಂಗಸು ಹೀಗೆ ಮಾತಾಡುವುದುಂಟೆ, ಇದು ಸುಳ್ಳು ಎಂದರು. ಉಳಿದವರು ತಲೆಯಾಡಿಸಿದರು. ನೀವೇ ಹೇಳಿ, ವಾದಿಸುವವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೆ? ಇದು ನಡೆದದ್ದು, ಆ ಹೆಂಗಸು ಅಗೋ ಅಲ್ಲಿದ್ದಾರೆ ಎಂದರೆ ಸಾಕಿತ್ತು. ಕಟ್ಟಳೆ ಮುರಿದು ಎದ್ದೇ ನಿಂತೆ. ಎಲ್ಲರೂ ನನ್ನತ್ತ ತಿರುಗಿದರು. ಅತ್ತೆ ಮಾತ್ರ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

ಕೂತುಬಿಟ್ಟೆ. ಕಥೆ ಬಿದ್ದುಹೋಯಿತು.

ಕಾಫಿಗೂ ನಿಲ್ಲದೆ ಸ್ಟೇಷನ್ನಿಗೆ ಬಂದೆವು. ರೈಲಿಗೆ ಕಾಯುತ್ತ ಅತ್ತೆಯೇ ಅಂದರು, "ಅಷ್ಟೆಲ್ಲ ನಾನೆಲ್ಲಿ ಮಾತಾಡಿದೆ ಮಾರಾಯ? ಅದು ನಿನ್ನ ಬಾಯಿ."

ಹಾಗಾದರೆ ಏನಂದಿರಿ ಎಂದು ಆಗ ಮೊದಲ ಸಲ ಕೇಳಿದೆ.

"ಕ್ಯಾರಿಯರ್ ಕೈಗೆ ಕೊಟ್ರು. ಭಾರ ಇತ್ತು. ಯಾಕೆ, ಊಟ ಮಾಡ್ಲಿಲ್ವಾ ಅಂದೆ. ಅಷ್ಟೇ ಕಣೋ."

ರೈಲು ಬಂತು. ಹತ್ತುವಾಗ, ಅದನ್ನು ಬರೆಯಲೇ ಎಂದು ಕೇಳಿದೆ. "ಬರಿ. ಆದ್ರೆ ನನ್ನ ಕೈಲಿ ಇನ್ನೊಂದು ಭಾಷಣ ಮಾಡಿಸ್ಬೇಡ," ಎಂದರು.

ಹುಟ್ಟುತ್ತಲೇ ಬರಹಗಾರರಂತೆ! ನಾನು ಹುಟ್ಟಿದ್ದು ವಾದ ಗೆಲ್ಲಲು. ಬರೆಯತೊಡಗಿದ್ದು ಆ ಪ್ಲಾಟ್‌ಫಾರ್ಮಿನಲ್ಲಿ.

ಗಲ್ಲಾದ ಗಂಟೆ ಮತ್ತೆ ಠಣ್ ಎಂದಿತು. ಶಂಕರ ಉತ್ತರಕ್ಕಾಗಿ ಹುಬ್ಬೇರಿಸಿ ಕಾದಿದ್ದ. ಮೂರು ಅಂಶಗಳೂ ನನ್ನ ನಾಲಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಅವನ ತಟ್ಟೆಯ ಮೇಲೆ ಕಣ್ಣು ಬಿತ್ತು. ಇಡ್ಲಿ ಮುಟ್ಟದೆ ಹಾಗೇ ಇತ್ತು.

"ಯಾಕೋ, ತಿಂತಾ ಇಲ್ಲ?" ಎಂದೆ.

ಅವನ ಹುಬ್ಬು ಇಳಿಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅಪ್ಪಂಗೆ ಹುಷಾರಿಲ್ಲ ಕಣೋ," ಎಂದ.