ಮಾವನ ಸೈಕಲ್ಲಿನ ಎಡ ಪೆಡಲು

ಎಣ್ಣೆ ಕಾಣದ ಪೆಡಲು ಕಿರುಗುಟ್ಟುವುದು ಲೋಕದ ಮಹತ್ವದ ಸಂಗತಿಗಳಲ್ಲೊಂದೆಂದು ಯಾವ ಶಾಸ್ತ್ರಕಾರನೂ ಬರೆದಿಲ್ಲ. ಆದರೆ ನಮ್ಮ ಮನೆಯ ಸಂಜೆಯ ಕಾಫಿ ನಿಂತಿದ್ದದ್ದು ಅದರ ಮೇಲೆಯೇ. ಶಿಕಾರಿಪುರದಲ್ಲಿ ಮೇಷ್ಟರಾಗಿದ್ದ ನಾನು ಶಾಲೆ ಮುಗಿಸಿ ನಮ್ಮ ಬೀದಿಯ ತಿರುವಿಗೆ ಬರುತ್ತಿದ್ದಂತೆ ನನ್ನ ಸೈಕಲ್ಲಿನ ಎಡ ಪೆಡಲು ಸುತ್ತಿಗೊಮ್ಮೆ 'ಕಿರ್ರಕ್' ಎನ್ನುತ್ತಿತ್ತು. ಅದನ್ನು ಕೇಳಿ ನನ್ನ ಹೆಂಡತಿ ಶಾರದೆ ಹಾಲನ್ನು ಒಲೆಯ ಮೇಲಿಡುತ್ತಿದ್ದಳು. ನಾನು ಸೈಕಲ್ಲನ್ನು ಜಗಲಿಗೆ ಒರಗಿಸಿ, ಕಾಲು ತೊಳೆದು ಒಳಗೆ ಬರುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಗುತ್ತಿತ್ತು. ಪಂಚಾಂಗದ ಮುಹೂರ್ತಗಳು ತಪ್ಪಿದ್ದುಂಟು, ಇದು ತಪ್ಪಿದ್ದಿಲ್ಲ.

ಆ ಸೈಕಲ್ಲು ನನಗೆ ಮದುವೆಯಲ್ಲಿ ಬಂದದ್ದು. ನನ್ನ ಮಾವನವರು ಸೊರಬದಲ್ಲಿ ಶೇಕ್ದಾರರಾಗಿದ್ದು ನಿವೃತ್ತರಾದವರು. ಜಮೀನು, ಪಹಣಿ, ಕಂದಾಯಗಳನ್ನು ನೋಡಿಕೊಂಡು ಊರೂರು ಸುತ್ತಿದ್ದೆಲ್ಲ ಆ ಸೈಕಲ್ಲಿನ ಮೇಲೆಯೇ. ಅಂಜನಾಪುರದ ಕಟ್ಟೆಯ ಕೆಲಸ ಮುಗಿಸಿ ಹೊರಟ ಇಂಜಿನಿಯರೊಬ್ಬರು ಅದನ್ನು ಅವರಿಗೆ ಬಿಟ್ಟುಹೋಗಿದ್ದರಂತೆ. ಅದು ಪಂದ್ಯದಲ್ಲಿ ಓಡಿಸುವ ವಿಲಾಯತಿ ಸೈಕಲ್ಲು; ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿತ್ತು. ಧಾರೆಯಾದ ಮೇಲೆ ಮಾವನವರು ಕಣ್ಣೊರೆಸಿಕೊಳ್ಳುತ್ತಾ, "ಚೆನ್ನಾಗಿ ನೋಡ್ಕಳ್ರೀ ಅಳಿಯಂದಿರೇ" ಎಂದರು. ಅವರ ಒಂದು ಕೈ ಮಗಳ ಹೆಗಲ ಮೇಲೂ ಇನ್ನೊಂದು ಸೈಕಲ್ಲಿನ ಸೀಟಿನ ಮೇಲೂ ಇದ್ದುದರಿಂದ ಮಾತು ಯಾರನ್ನು ಕುರಿತದ್ದೆಂದು ನನಗೆ ಇವತ್ತಿಗೂ ಖಚಿತವಿಲ್ಲ.

ಟಗರುಗೊಂಬಿನ ಹ್ಯಾಂಡಲ್ಲು ಹಿಡಿದವನು ಬಗ್ಗಲೇಬೇಕು. ಪಂಚೆಯುಟ್ಟು, ಕೊಡೆಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಮೂಗು ಮುಂದಿನ ಚಕ್ರಕ್ಕೆ ತಾಗುವಷ್ಟು ಬಾಗಿ ನಾನು ಹೋಗುತ್ತಿದ್ದರೆ ಎದುರಾದವರೆಲ್ಲ ಪ್ರತಿನಮಸ್ಕಾರ ಮಾಡುತ್ತಿದ್ದರು. ಮೊದಮೊದಲು ಇದು ವಿದ್ಯೆಗೆ ಸಲ್ಲುವ ಗೌರವವೆಂದು ಉಬ್ಬಿದೆ. ಸಂತೆಯ ದಿನ ಮೇಷ್ಟರು ಎಮ್ಮೆಗಳಿಗೂ ಕೈಮುಗಿಯುತ್ತಾರೆಂದು ನನ್ನ ಶಿಷ್ಯರೇ ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ಇಳಿದುಹೋದೆ. ಬೆನ್ನು ನೆಟ್ಟಗೆ ಮಾಡಿ ಕೂರುವಂಥ ಹ್ಯಾಂಡಲ್ಲು ಹಾಕಿಸಲು ಮಾರನೆಯ ದಿನವೇ ಬುಡೇನ್ ಸಾಬರ ಸೈಕಲ್ ಅಂಗಡಿಗೆ ಹೋದೆ.

ಪಾಠಕರೇ, ಹಳೆಯ ವಸ್ತುವಿಗೆ ಒಂದು ಹೊಸ ಭಾಗ ಹಾಕಿಸುವುದೆಂದರೆ ಏನೆಂದು ನಿಮಗೂ ಗೊತ್ತಿದ್ದೀತು. ಅದು ಕೂಡುಕುಟುಂಬಕ್ಕೆ ಹೊಸ ಸೊಸೆ ಬಂದಂತೆ. ಇದ್ದವರ ಕೊರತೆಗಳೆಲ್ಲ ಅಂದೇ ಬೆಳಕಿಗೆ ಬರುತ್ತವೆ. "ಹ್ಯಾಂಡಲ್ ಹೊಸದಾತು ಮೇಷ್ಟ್ರೇ. ಈಗ ಸೀಟು ನೋಡ್ರಿ, ಹೊಸದ್ರ ಮುಂದೆ ನಾಚ್ಕಂತೈತಿ" ಎಂದರು ಬುಡೇನ್ ಸಾಬರು. ನೆಟ್ಟಗೆ ಕೂತದ್ದರಿಂದ ಆ ಚೂಪು ಸೀಟು ಚುಚ್ಚತೊಡಗಿದ್ದೂ ನಿಜವೇ. ಸೀಟು ಅಗಲವಾಯಿತು, ಅದರ ಭಾರಕ್ಕೆ ಬ್ರೇಕು ಸಾಲದಾಯಿತು, ಹೊಸ ಬ್ರೇಕು ಹಳೆಯ ರಿಮ್ಮುಗಳನ್ನು ಕಚ್ಚಿ ತಿಂದಿತು, ಹೊಸ ಚಕ್ರಗಳಿಗೆ ಹಳೆಯ ಚೈನು ಒಗ್ಗಲಿಲ್ಲ. ಹೀಗೆ ಮೂರು ವರ್ಷಗಳಲ್ಲಿ, ಅತ್ತ ಮೈಸೂರು ರಾಜ್ಯ ದೊಡ್ಡದಾಗುತ್ತಾ ಬಂದಂತೆ ಇತ್ತ ನನ್ನ ಸೈಕಲ್ಲೂ ಹೊಸದಾಗುತ್ತಾ ಬಂತು. ತೆಗೆದ ಸಾಮಾನುಗಳನ್ನು ಸಾಬರು ಮೂಲೆಗೆ ಎಸೆಯುತ್ತಿದ್ದರು. ಅವು ಏನಾಗುತ್ತವೆಂದು ನಾನು ಕೇಳಲಿಲ್ಲ.

ಭಯವಿದ್ದದ್ದು ಒಂದೇ ದಿನಕ್ಕೆ. ಪ್ರತಿ ಆಯುಧಪೂಜೆಗೂ ಮಾವನವರು ಸೊರಬದಿಂದ ಬಸ್ಸು ಹತ್ತಿ ಬಂದು ಆ ಸೈಕಲ್ಲಿಗೆ ಸ್ವಹಸ್ತದಿಂದ ಕುಂಕುಮ ಹಚ್ಚುತ್ತಿದ್ದರು. ಗೌರಿಹಬ್ಬಕ್ಕೆ ಮಗಳ ಬಾಗಿನ ತಪ್ಪಿದರೂ ಇದು ತಪ್ಪದು. ಮೊದಲ ವರ್ಷ ಹೊಸ ಹ್ಯಾಂಡಲ್ಲಿಗೆ ಸೇವಂತಿಗೆ ಹಾರವನ್ನು ದಪ್ಪಗೆ ಸುತ್ತಿ ಮರೆಮಾಡಿದೆ. ಮಾವನವರು ಹಾರದ ಮೇಲೆಯೇ ಕುಂಕುಮವಿಟ್ಟು, ಬಗ್ಗಿ ಚೈನನ್ನು ಬೆರಳಿನಿಂದ ಎತ್ತಿ ನೋಡಿ, "ಇದು ಸಡ್ಲ ಆಗೇತಲ್ರೀ. ಇನ್ನು ಎಷ್ಟು ದಿನ ಬಂದೀತು" ಎಂದರಷ್ಟೆ. ಮೂರನೆಯ ವರ್ಷಕ್ಕೆ ಸೈಕಲ್ಲೇ ಕಾಣದಷ್ಟು ಹೂವಾಗಿತ್ತು. ಅವರ ದೃಷ್ಟಿ ಮಂದವಾಗಿದೆಯೆಂದು ತೀರ್ಮಾನಿಸಿ ನಾನು ನೆಮ್ಮದಿಯ ಉಸಿರು ಬಿಟ್ಟೆ.

ಕೊನೆಗೆ ಉಳಿದದ್ದು ಫ್ರೇಮು ಮತ್ತು ಪೆಡಲುಗಳು. ಮರುವರ್ಷದ ಮಳೆಗಾಲ ಕಳೆಯುತ್ತಲೇ ಪೆಡಲುಗಳೂ ಹೋದವು. ಸೈಕಲ್ಲು ನಿಶ್ಶಬ್ದವಾಯಿತು. ಅಂದು ಸಂಜೆ ನಾನು ಗಾಳಿಯಂತೆ ಬಂದು, ಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಶಾರದೆ ಬೆಚ್ಚಿ ಹಿಟ್ಟಿನ ಡಬ್ಬಿಯನ್ನು ಕೆಡವಿದಳು. ಕಾಫಿ ಇರಲಿಲ್ಲ. ಮಾರನೆಯ ದಿನವೂ ಇಲ್ಲ. ವಾರವಾದ ಮೇಲೆ ಮುನಿಸಿಕೊಂಡು ಕೇಳಿದೆ.

"ನೀವು ಬಂದಿದ್ದೇ ಗೊತ್ತಾಗಲ್ರೀ" ಎಂದಳು. ಪಾತ್ರೆ ಒರೆಸುತ್ತಾ, "ಸಣ್ಣೋಳಿದ್ದಾಗ ಆ ಸದ್ದು ಕೇಳಿದ್ರೆ ಅಪ್ಪ ಬಂದ್ರು ಅಂತ ಚೊಂಬಿನಾಗೆ ನೀರು ತಗಂಡು ಓಡ್ತಿದ್ದೆ. ಮದುವೆಯಾಗಿ ಬಂದ್ಮೇಲೂ ಅದೇ ಸದ್ದು. ನಮ್ಮೋರು ಬಂದ್ರು ಅನ್ಸೋದು. ಈಗ ಯಾರೋ ಬಂದಂಗಾಗ್ತದೆ" ಎಂದಳು.

ನನಗೆ ನಾಚಿಕೆಯಾಯಿತು. ಸ್ವಂತ ಮನೆಯಲ್ಲಿ ಯಾರೋ ಆಗುವುದಕ್ಕೆ ನಾನು ಮೂರು ವರ್ಷ ಪಟ್ಟ ಶ್ರಮ ನೆನೆದು ನಗುವೂ ಬಂತು, ನಗಲಾಗಲಿಲ್ಲ. ಆಯುಧಪೂಜೆಗೆ ಮೊದಲೇ ಆ ಪೆಡಲನ್ನು ಮರಳಿ ತರಲೇಬೇಕೆಂದು ಬುಡೇನ್ ಸಾಬರಲ್ಲಿಗೆ ಓಡಿದರೆ, ಹಳೆಯ ಸಾಮಾನೆಲ್ಲ ಸೊರಬದಲ್ಲಿರುವ ತಮ್ಮ ಭಾವಮೈದನ ಅಂಗಡಿಗೆ ಹೋಗುತ್ತದೆಂದರು. ಭಾನುವಾರ ಶಿರಾಳಕೊಪ್ಪದ ಮೇಲೆ ಸೈಕಲ್ಲು ತುಳಿದು ಆ ಅಂಗಡಿಯನ್ನು ಮುಟ್ಟಿದೆ. ಭಾವಮೈದ ನನ್ನನ್ನು ಅನುಕಂಪದಿಂದ ನೋಡಿ, "ಪೆಡಲಾ? ಶೇಕ್ದಾರ್ರು ತಗಂಡೋದ್ರಲ್ರೀ. ಒಂದೊಂದಕ್ಕೂ ಒಂದೊಂದು ಬಾಳೆಗೊನೆ ಕೊಟ್ಟು ಎಲ್ಲಾನೂ ಅವರೇ ತಗಂಡೋಗಿರೋದು" ಎಂದ.

ಮಾವನ ಮನೆಗೆ ಹೋದರೆ ಅತ್ತೆಯವರು ಹಿತ್ತಿಲ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಅಲ್ಲಿಂದ ಕೇಳಿಬರುತ್ತಿತ್ತು: ಕಿರ್ರಕ್, ಕಿರ್ರಕ್. ಒಳಗೆ ಎರಡು ಗೂಟ ನೆಟ್ಟು, ನಡುವೆ ಬಿದಿರು ಕಟ್ಟಿ, ಹಳೆಯ ನೇಗಿಲಮರಕ್ಕೆ ತೂತು ಕೊರೆದು, ಟಗರುಗೊಂಬಿನ ಹ್ಯಾಂಡಲ್ಲು, ಚೂಪು ಸೀಟು, ಚಕ್ರ, ಚೈನುಗಳನ್ನೆಲ್ಲ ತೆಂಗಿನ ಹಗ್ಗದಿಂದ ಅದರದರ ಜಾಗಕ್ಕೆ ಬಿಗಿದಿತ್ತು. ಅದರ ಮೇಲೆ ನನ್ನ ಮಾವನವರು, ಕೋಟು ಟೊಪ್ಪಿಗೆಯ ಸಮೇತ, ಮೂಗು ಮುಂದಿನ ಚಕ್ರಕ್ಕೆ ತಾಗುವಷ್ಟು ಬಾಗಿ ತುಳಿಯುತ್ತಿದ್ದರು. ಹಸು ಮೆಲುಕು ಹಾಕುತ್ತಾ ನೋಡುತ್ತಿತ್ತು.

ಕಳ್ಳರು ಯಾರೆಂಬುದು ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ತಪ್ಪಿತಸ್ಥರಂತೆ ನಿಂತೆವು. ಕೊನೆಗೆ ಅವರೇ ಇಳಿದು, "ಅಳಿಯಂಗೆ ಕೊಟ್ಟಿದ್ದನ್ನ ವಾಪಸ್ ಕೇಳಬಾರ್ದು, ಹೌದಾ? ಆದ್ರೆ ರೈತ ರಾಜೀನಾಮೆ ಕೊಟ್ಟು ಬಿಟ್ಟ ಜಮೀನನ್ನ ಇನ್ನೊಬ್ಬ ಕಬೂಲು ಮಾಡಿ ಹಿಡೀಬಹುದು. ಕಾನೂನು ಐತಿ. ನೀವು ಬಿಟ್ರಿ, ನಾನು ಹಿಡಿದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಫ್ರೇಮ್ ಯಾವಾಗ ಬದಲಾಯಿಸ್ತೀರಿ?" ಎಂದು ಕೇಳಿದರು.

ಪ್ರತಿ ಆಯುಧಪೂಜೆಯಲ್ಲೂ ಅವರು ಬಂದದ್ದು ಮುಂದಿನ ಫಸಲಿನ ಅಂದಾಜು ನೋಡುವುದಕ್ಕೆ! ಮೂರು ವರ್ಷ ಸೇವಂತಿಗೆಗೆ ನಾನು ಸುರಿದ ಭಕ್ತಿಯೆಲ್ಲ ವ್ಯರ್ಥ. ಆದರೆ ಆ ಮುಖದ ಆಸೆಯನ್ನು ನೋಡಿದ ಮೇಲೆ, ಪೆಡಲು ಬೇಕೆಂದು ಬಂದವನು ಅದರ ಮಾತು ಬಿಟ್ಟು ಫ್ರೇಮನ್ನೇ ಕೊಡಲು ಹೊರಟೆ. ಫ್ರೇಮು ಹೊರಗೆ ಜಗಲಿಗೆ ಒರಗಿಕೊಂಡೇ ಇತ್ತು, ಬಿಚ್ಚಿಕೊಟ್ಟುಬಿಡುತ್ತೇನೆಂದೆ. ಮಾವನವರು ಎರಡು ಕಿವಿಯನ್ನೂ ಮುಚ್ಚಿಕೊಂಡರು. ಮದುವೆಯ ಉಡುಗೊರೆಯನ್ನು ಅಳಿಯ ತನ್ನ ಕೈಯಾರೆ ಹಿಂದಿರುಗಿಸುವುದೆಂದರೆ ಸಂಬಂಧವನ್ನೇ ಹಿಂದಿರುಗಿಸಿದಂತೆ. ಫ್ರೇಮು ಕ್ರಮಪ್ರಕಾರವೇ ಬರಬೇಕೆಂದರು. ಆದ್ದರಿಂದ ನಾನು ಅದೇ ಸೈಕಲ್ಲನ್ನು ಮತ್ತೆ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ತುಳಿದು, ಬುಡೇನ್ ಸಾಬರ ಅಂಗಡಿಯಲ್ಲಿ ಯಾವ ಕುಂದೂ ಇಲ್ಲದ ಫ್ರೇಮನ್ನು ತೆಗೆಸಿ ಮೂಲೆಗೆ ಎಸೆಸಿ, ಅದು ಬಸ್ಸಿನ ಟಾಪು ಹತ್ತಿ ಸೊರಬಕ್ಕೆ ಹೋಗುವುದನ್ನು ಕಂಬದ ಮರೆಯಲ್ಲಿ ನಿಂತು ನೋಡಿದೆ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲಿ 'ಕಿರ್ರಕ್' ಎಂದಿತು. ಮಾವನವರು ಸೈಕಲ್ಲನ್ನು ಬಸ್ಸಿನ ಮೇಲೆ ತಂದು, ನಿಲ್ದಾಣದಿಂದ ಅದನ್ನೇರಿ, ಎದುರಾದವರಿಗೆಲ್ಲ ಬಾಗುತ್ತಾ ಬರುತ್ತಿದ್ದರು. ಒಳಗಿದ್ದ ಶಾರದೆ ಕೈಯ ಕೆಲಸ ಬಿಟ್ಟು, ಚೊಂಬು ತುಂಬಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಂತೆಯೇ ಬೀದಿಗೆ ಓಡಿದಳು. ನೀರು ದಾರಿಯುದ್ದಕ್ಕೂ ತುಳುಕಿತು. ಮಾವನವರು ಸೈಕಲ್ಲಿಂದಿಳಿದು ಮಗಳ ಮುಖವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಜಗಲಿಯ ಮೇಲಿದ್ದ ನನ್ನ ಸದ್ದಿಲ್ಲದ ಸೈಕಲ್ಲನ್ನು ನೋಡಿದರು. ಪೂಜೆಗೆ ಬಾಳೆಕಂದು ಸಾಲದೆಂದು ನನ್ನನ್ನು ಪೇಟೆಗೆ ಅಟ್ಟಿದರು. ನಾನು ಬರುವಷ್ಟರಲ್ಲಿ ಎರಡು ಸೈಕಲ್ಲುಗಳಿಗೂ ಹೂವು ಕುಂಕುಮವಾಗಿತ್ತು. ಅವರು ಎಣ್ಣೆಗೈಯನ್ನು ಒರೆಸಿಕೊಳ್ಳುತ್ತಾ ಕೂತಿದ್ದರು. ಊಟ ಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರ ಸೈಕಲ್ಲು ತಿರುವು ದಾಟಿದ್ದು ನನಗೆ ಕೇಳಿಸಲೇ ಇಲ್ಲ.

ವಿಜಯದಶಮಿ ಕಳೆದು ಶಾಲೆ ತೆರೆದ ದಿನ ಸೈಕಲ್ಲು ಹತ್ತಿ ಮೊದಲ ಸುತ್ತು ತುಳಿದೆ. ಎಡಗಾಲಿನ ಕೆಳಗೆ 'ಕಿರ್ರಕ್' ಎಂದಿತು. ಇಳಿದು ನೋಡಿದೆ, ಬಲಗಡೆ ಹೊಳೆಯುವ ಹೊಸ ಪೆಡಲು, ಎಡಗಡೆ ಸವೆದ ಹಳೆಯದು. ಕೊಟ್ಟದ್ದನ್ನು ಕೇಳಬಾರದು, ಪಡೆದದ್ದನ್ನು ಹಿಂದಿರುಗಿಸಬಾರದು. ಆದರೆ ಬಿಟ್ಟದ್ದನ್ನು ಹಿಡಿಯಬಹುದು. ಮಾವನವರು ರಾಜೀನಾಮೆ ಕೊಟ್ಟಿದ್ದರು; ನಾನು ನಡುಬೀದಿಯಲ್ಲಿ ನಿಂತು ಕಬೂಲು ಮಾಡಿದೆ.

ಸಂಜೆ ತಿರುವಿಗೆ ಬಂದಾಗ ಇನ್ನೂ ಜೋರಾಗಿ ಕಿರುಗುಟ್ಟಲೆಂದು ಬೇಕೆಂದೇ ಒತ್ತಿ ತುಳಿದೆ. ಒಳಗೆ ಪಾತ್ರೆಯ ಸದ್ದಾಯಿತು. ಕಾಲು ತೊಳೆದು ಒಳಗೆ ಬರುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಯಿತು. ಆ ಪೆಡಲಿಗೆ ಇವತ್ತಿನವರೆಗೆ ನಾನು ಒಂದು ತೊಟ್ಟು ಎಣ್ಣೆ ಬಿಟ್ಟಿಲ್ಲ.