ಹೊಗೆಯಿಲ್ಲದ ದಿನದ ವಾಸನೆ

"ಅಕ್ಕ, ಗೇರುಬೀಜ ಹುರಿಯುವ ವಾಸನೆ ಬರ್ತಾ ಉಂಟು" ಎಂದಳು ತಂಗಿ ಸರೋಜ. ಮರುಕ್ಷಣ ಅವಳ ಕಣ್ಣು ಗೋಡೆಯ ಮೇಲೆ ನೆಟ್ಟು ನಿಂತಿತು. ತುಟಿ ಏನನ್ನೋ ಚಪ್ಪರಿಸತೊಡಗಿತು. ಒಂದು ಕೈ ಸೆರಗಿನ ಅಂಚನ್ನು ಹಿಸುಕುತ್ತಿತ್ತು. ಕರೆದರೆ ಓಗೊಡಲಿಲ್ಲ. ಇನ್ನೊಂದು ಕೈ ಉರಿಯುವ ಒಲೆಯತ್ತ ಹೋದಾಗ ನಾನು ಹಿಡಿದೆಳೆದೆ. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವಳಂತೆ, ಗಂಜಿ ಬೆಂದಿತೇ ಎಂದು ಕೇಳಿದಳು.

ಅರುವತ್ತರ ದಶಕದ ಮಾತು. ಬೋಳಾರದ ನಮ್ಮ ಮನೆಯ ಹಿಂದೆಯೇ ಗೇರುಬೀಜದ ಕಾರ್ಖಾನೆ ಇತ್ತು. ತಂಗಿಗೆ ಹೀಗಾದಾಗಲೆಲ್ಲ ಅಮ್ಮ, ಆ ಘಾಟು ಹೊಗೆಗೆ ತಲೆ ತಿರುಗಿತೆಂದು ಆ ಬದಿಯ ಕಿಟಕಿ ಮುಚ್ಚುತ್ತಿದ್ದರು. ಅಂದೂ ಮುಚ್ಚಲು ಹೋದವರು ಕಿಟಕಿಯ ಬಳಿಯೇ ನಿಂತುಬಿಟ್ಟರು. ಅಂದು ಭಾನುವಾರ, ಕಾರ್ಖಾನೆಗೆ ರಜೆ. ಚಿಮಣಿಯಲ್ಲಿ ಹೊಗೆಯೇ ಇರಲಿಲ್ಲ.

ಮರುದಿನ ಡಾಕ್ಟರು ಎಲ್ಲವನ್ನೂ ಕೇಳಿ, ತಂಗಿಯ ತಲೆಯನ್ನು ಕಿವಿಯ ಮೇಲುಗಡೆ ಮುಟ್ಟಿ ತೋರಿಸಿದರು. "ಫಿಟ್ಸ್ ಅಂದ್ರೆ ಬಿದ್ದು ನೊರೆ ಬರುವುದು ಮಾತ್ರ ಅಲ್ಲಮ್ಮ. ಮೆದುಳಿನ ಈ ಬದಿಯಲ್ಲಿ ಶುರುವಾದ್ರೆ ಕೆಲವರಿಗೆ ಇಲ್ಲದ ವಾಸನೆ ಬರ್ತದೆ, ಮತ್ತೆ ಸ್ವಲ್ಪ ಹೊತ್ತು ಎಚ್ಚರ ಇರುವುದಿಲ್ಲ."

ಅಮ್ಮ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇವಳನ್ನು ಒಲೆಯ ಹತ್ರ ಒಬ್ಬಳನ್ನೇ ಬಿಡ್ಲಿಕ್ಕಿಲ್ವಾ?"

ಗುಳಿಗೆಯಿಂದ ಅದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಈಗಲೂ ಎಲ್ಲಾದರೂ ಗೇರುಬೀಜ ಹುರಿಯುವ ವಾಸನೆ ಬಂದರೆ, ನಿಮಗೂ ಬರ್ತಾ ಉಂಟಾ ಎಂದು ಪಕ್ಕದಲ್ಲಿದ್ದವರನ್ನು ಕೇಳುತ್ತೇನೆ. ಅವರು ಹೌದೆಂದ ಮೇಲೆಯೇ ನನಗೆ ಉಸಿರು ಬರುವುದು.