ಪದ್ಮಶ್ರೀ ಕಟ್ಟಿ ಮುಗಿಸಿದ ಹೋಟೆಲು

ಹರಿಹರದಿಂದ ದಾವಣಗೆರೆಗೆ ಹೋಗುವ ಬಸ್ಸಿನ ಕಿಟಕಿಯಿಂದ ಪದ್ಮಶ್ರೀ ತಾನು ದುಡಿದ ಕಟ್ಟಡಗಳನ್ನು ಒಂದೊಂದಾಗಿ ತೋರಿಸಬಲ್ಲಳು. ಒಂದು ಕಲ್ಯಾಣ ಮಂಟಪ, ಎರಡು ಬಟ್ಟೆ ಅಂಗಡಿ, ಹತ್ತಾರು ಮನೆ. ಹನ್ನೊಂದು ವರ್ಷದ ಕೆಲಸ. ಆದರೆ ಅದರಲ್ಲಿ ಒಂದನ್ನೂ ಅವಳು ಮುಗಿಸಿದವಳಲ್ಲ. ಪಾಯ ತೋಡಿಸುವುದು, ಕಂಬ ಎಬ್ಬಿಸುವುದು, ಬಿಸಿಲಲ್ಲಿ ನಿಂತು ಸ್ಲ್ಯಾಬ್ ಹಾಕಿಸುವುದು ಅವಳ ಪಾಲಿಗೆ. ಗೋಡೆಗೆ ಬಣ್ಣ ಬರುವ ಹೊತ್ತಿಗೆ ಇಸ್ತ್ರಿ ಅಂಗಿಯ ಎಂಜಿನಿಯರ್ ಒಬ್ಬರು ಬಂದು, “ಇನ್ನು ನಾನು ನೋಡ್ಕೊಂತೀನಿ ಮೇಡಂ” ಎನ್ನುತ್ತಿದ್ದರು. ಅವಳು ಮುಂದಿನ ಪಾಯಕ್ಕೆ ಹೋಗುತ್ತಿದ್ದಳು. ತಾನು ಎಬ್ಬಿಸಿದ ಕೋಣೆಯಲ್ಲಿ ಜನ ಹೇಗೆ ಕೂರುತ್ತಾರೆ, ಕಿಟಕಿಯನ್ನು ಯಾವ ಹೊತ್ತಿಗೆ ತೆರೆಯುತ್ತಾರೆ ಎಂಬುದನ್ನು ಅವಳು ನೋಡಿರಲಿಲ್ಲ.

ಅಪ್ಪ ಲಿಂಗಣ್ಣ ಹರಿಹರದಲ್ಲಿ ಗಾರೆ ಮೇಸ್ತ್ರಿ. ಶಾಲೆ ಬಿಟ್ಟೊಡನೆ ಅವನು ಕಟ್ಟಿದ ಗೋಡೆಗೆ ನೀರು ಹಾಕುವುದೇ ಮಗಳ ಆಟವಾಗಿತ್ತು. ಬಿಸಿಯಾದ ಇಟ್ಟಿಗೆ ನೀರು ಕುಡಿಯುವಾಗ ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದಿನ ಹಿಂದೆಯೇ ಹೋಗಿ ಅವಳು ಸಿವಿಲ್ ಡಿಪ್ಲೊಮಾ ಓದಿದಳು.

ಪಿ.ಜೆ. ಬಡಾವಣೆಯಲ್ಲಿ ಅಕ್ಕಿ ವ್ಯಾಪಾರಿ ಕರಿಬಸವರಾಜರು ಹೋಟೆಲು ಕಟ್ಟಿಸಲು ಹೊರಟರು. ಕೆಳಗೆ ಬೆಣ್ಣೆ ದೋಸೆ ಮತ್ತು ಊಟ, ಮೇಲಿನ ಎರಡು ಅಂತಸ್ತಿನಲ್ಲಿ ತಂಗುವ ಕೋಣೆಗಳು. ಕೆಲಸ ಒಪ್ಪುವ ಮುನ್ನ ಪದ್ಮಶ್ರೀ ಒಂದೇ ಮಾತು ಕೇಳಿದಳು.

“ಸಾವ್ಕಾರ್ರೆ, ಪಾಯದಿಂದ ಹಿಡಿದು ಬೀಗದ ಕೈ ಕೊಡೋ ತನಕ ನಾನೇ ಇರ್ಬೇಕು.”

“ಇರವ್ವ, ಯಾರು ಬ್ಯಾಡ ಅಂದ್ರು? ಆದ್ರೆ ನಮ್ಮಕ್ಕನ ಮಗ ಶಿವಕುಮಾರ ಹುಬ್ಬಳ್ಳಿಯಾಗೆ ಎಂಜಿನಿಯರ್ ಅದಾನೆ. ನೀನು ಎಲ್ಲಾದ್ರೂ ಎಡವಿದ್ರೆ ಅವನ್ನ ಕರೀತೀನಿ. ಈಗ್ಲೇ ಹೇಳೀನಿ, ಆಮ್ಯಾಲೆ ಸಿಟ್ಟಾಗಬ್ಯಾಡ.”

ಸಾಹುಕಾರರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನಲು ಮನಸ್ಸೂ ಇರಲಿಲ್ಲ. ಹಾಳೆಯನ್ನು ತಲೆಕೆಳಗಾಗಿ ಹಿಡಿದು “ಹ್ಞೂಂ, ಹ್ಞೂಂ” ಎನ್ನುತ್ತಿದ್ದರು. ಇದನ್ನು ಕಂಡ ಪದ್ಮಶ್ರೀ ಎರಡು ಚೀಲ ರಂಗೋಲಿ ಪುಡಿ ತರಿಸಿದಳು. ಬೆಳಗಿನ ಬಿಸಿಲು ಏರುವ ಮೊದಲೇ ಖಾಲಿ ಜಾಗದಲ್ಲಿ ಹೋಟೆಲನ್ನು ಅದರ ನಿಜವಾದ ಅಳತೆಯಲ್ಲಿ ಬರೆದಳು. ಗೋಡೆ, ಬಾಗಿಲು, ಮೆಟ್ಟಿಲು, ಮೇಜು, ಒಲೆ. ಮನೆಯಂಗಳದ ರಂಗೋಲಿಯಂತೆಯೇ ಬೆರಳ ಸಂದಿನಿಂದ ಬಿಳಿ ಗೆರೆ ಇಳಿಯಿತು. ನೆಲ ಹೋಟೆಲಾಯಿತು.

ಸಾಹುಕಾರರು ಸರಸರನೆ ನಡೆದು ಬಂದರು.

“ಗೋಡೆ ಒಡಕೊಂಡು ಬಂದ್ರಲ್ರಿ ಸಾವ್ಕಾರ್ರೆ! ಬಾಗ್ಲು ಆ ಕಡೆ ಐತೆ.”

ಅವರು ನಾಚಿ ಹಿಂದೆ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲಿನಿಂದಲೇ ಒಳಗೆ ಬಂದರು.

ದೋಸೆ ಹುಯ್ಯಲು ಒಪ್ಪಿಕೊಂಡಿದ್ದ ಕೊಟ್ರೇಶನನ್ನೂ ಅವಳು ಕರೆಸಿದ್ದಳು. ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತವನು. ಪುಡಿಯ ಒಲೆಯೆದುರು ನಿಂತು, ಇಲ್ಲದ ಹಿಟ್ಟನ್ನು ಇಲ್ಲದ ಕಾವಲಿಯ ಮೇಲೆ ತಿರುವಿ, ಬಗ್ಗಿ ನೋಡಿದ.

“ಮೇಡಮ್ಮ, ಒಲಿಗೆ ಸೌದಿ ಎಲ್ಲಿಂದ ತುರುಕ್ಲಿ? ನೀವು ಬರೆದಂಗಾದ್ರೆ ಗಿರಾಕಿ ಕಾಲಿಗೇ ಬೆಂಕಿ ಹಚ್ಚಬೇಕು.”

“ಗ್ಯಾಸ್ ಇಟ್ರೆ ಹೆಂಗೆ?” ಎಂದರು ಸಾಹುಕಾರರು.

“ದೋಸೆ ಆಗ್ತೈತ್ರಿ. ಬೆಣ್ಣೆ ದೋಸೆ ಆಗಲ್ಲ.”

ಪದ್ಮಶ್ರೀ ಕಾಲಲ್ಲಿ ಗೆರೆ ಅಳಿಸಿ ಒಲೆಯನ್ನು ಮೂರಡಿ ಹಿಂದೆ ಸರಿಸಿದಳು. ಒಂದು ದಿನಕ್ಕೆ ಎಂಟು ತಪ್ಪು ಸಿಕ್ಕವು. ಪುಡಿಯಲ್ಲಿ ಸಿಕ್ಕ ತಪ್ಪಿಗೆ ಸುತ್ತಿಗೆ ಬೇಡ.

ಅಲ್ಲಿಂದ ಒಂದು ವರ್ಷದ ಮೇಲಾಯಿತು. ಪಾಯಕ್ಕೆ ಕಬ್ಬಿಣ ಬಂತು, ಮಳೆ ಬಂತು, ಮೆಕ್ಕೆಜೋಳದ ಕೊಯ್ಲಿಗೆಂದು, ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್‌ನವರು ಊರಿಗೆ ಹೋಗಿ ಹದಿನೈದು ದಿನ ಬರಲಿಲ್ಲ. ಕೊನೆಗೆ ಮೂರು ಸ್ಲ್ಯಾಬುಗಳನ್ನೂ ಹಾಕಿಸಿದಳು. ಫಾಲ್ಗುಣದಲ್ಲಿ ಒಲೆ ಕಟ್ಟಿಸಿ, ಅದರ ಹೊಗೆಕೊಳವೆಯನ್ನು ತಾರಸಿಯ ಮೇಲಕ್ಕೆ ಎಬ್ಬಿಸಿ, ಬೆಂಕಿ ಹಚ್ಚಿ ನೋಡಿದಳು. ಹೊಗೆ ನೂಲಿನ ಹಾಗೆ ನೆಟ್ಟಗೆ ಏರಿತು. ಆಮೇಲೆ, ಮೇಲಿನ ಕೋಣೆಗಳಿಗೆ ನೀರು ಜೋರಾಗಿ ಬರಲೆಂದು, ಆ ಕೊಳವೆಯ ಪಕ್ಕದಲ್ಲೇ ಎತ್ತರದ ನೀರಿನ ಟ್ಯಾಂಕು ಕಟ್ಟಿಸಿದಳು. ಅದು ಅವಳದೇ ತೀರ್ಮಾನ.

ಶ್ರಾವಣದ ಮೊದಲ ಸೋಮವಾರ ಪ್ರಾರಂಭವೆಂದು ಕಾರ್ಡು ಹಂಚಿಯಾಗಿತ್ತು. ಅದಕ್ಕೆ ಹನ್ನೆರಡು ದಿನ ಇರುವಾಗ, ಆಷಾಢದ ಒಂದು ಬುಧವಾರ, ಕೊಟ್ರೇಶ ನೀಲಗಿರಿ ಸೌದೆ ಒಟ್ಟಿ ಒಲೆ ಹಚ್ಚಿದ. ಹೊಗೆ ಸ್ವಲ್ಪ ಏರಿತು, ಏನೋ ನೆನಪಾದಂತೆ ನಿಂತಿತು, ತಿರುಗಿ ಕೆಳಕ್ಕೆ ಬಂತು. ಕೆನೆ ಬಣ್ಣ ಬಳಿದ ಹೊಸ ಗೋಡೆ ಕಾಣದಾಯಿತು.

“ದೋಸೆ ಬೇಯೋಕ್ ಮುಂಚೆ ನಾನೇ ಬೇಯ್ತೀನಿ ಮೇಡಮ್ಮ!” ಎಂದು ಕೊಟ್ರೇಶ ಹೊರಗೆ ಓಡಿದ. ಸಾಹುಕಾರರು ರಸ್ತೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ ಫೋನು ತೆಗೆದರು. ಯಾರಿಗೆ ಎಂದು ಪದ್ಮಶ್ರೀ ಕೇಳಬೇಕಿರಲಿಲ್ಲ.

ಕೊಟ್ರೇಶ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸೌದಿ ಹಸಿ ಇತ್ತು ಅಂದ್ಬಿಡ್ರಿ. ನಾನೂ ಹೌದು ಅಂತೀನಿ.”

ಅವಳು ತಾರಸಿಗೆ ಹತ್ತಿದಳು. ಪಡುವಣ ಗಾಳಿ ಬೀಸುತ್ತಿತ್ತು. ದುಪಟ್ಟಾದ ತುದಿಯನ್ನು ಕೈಯಲ್ಲಿ ಎತ್ತಿ ಹಿಡಿದಳು. ಗಾಳಿ ಅದನ್ನು ಟ್ಯಾಂಕಿನ ಗೋಡೆಗೆ ಬಡಿಯಿತು, ಸುತ್ತಿಸಿತು, ಕೊಳವೆಯ ಬಾಯಿಗೆ ಒತ್ತಿತು. ಫಾಲ್ಗುಣದಲ್ಲಿ ಟ್ಯಾಂಕೂ ಇರಲಿಲ್ಲ, ಈ ಗಾಳಿಯೂ ಇರಲಿಲ್ಲ.

ಕೆಳಗಿಳಿದು ಬಂದು ಹೇಳಿದಳು: “ಸೌದಿ ಒಣಗೇ ಐತ್ರಿ. ತಪ್ಪು ನಂದು. ಟ್ಯಾಂಕು ಕಟ್ಟಿಸುವಾಗ ಆಷಾಢದ ಗಾಳಿ ನೆನಪಾಗ್ಲಿಲ್ಲ.”

ಸಾಹುಕಾರರು ಅವಳ ಮುಖವನ್ನೇ ನೋಡಿದರು. “ಶಿವಕುಮಾರ ಶನಿವಾರ ಬರ್ತಾನೆ. ಅಷ್ಟರಾಗೆ ಸರಿಯಾದ್ರೆ ನಿನ್ನ ಪುಣ್ಯ. ಇಲ್ಲಾಂದ್ರೆ ಮುಂದಿಂದು ಅವನೇ ನೋಡ್ಕೊಂತಾನೆ.”

ವರ್ಷವಿಡೀ ಹೊಗೆಯ ಜೊತೆ ಬಾಳುವವರು ದಾವಣಗೆರೆಯಲ್ಲಿ ಯಾರು? ಮಂಡಕ್ಕಿ ಭಟ್ಟಿಯವರು. ಪದ್ಮಶ್ರೀ ಆಟೋ ಹತ್ತಿ ಭಟ್ಟಿಗಳ ಓಣಿಗೆ ಹೋದಳು. ಅದೇ ಗಾಳಿಯಲ್ಲಿ ಅಲ್ಲಿನ ಕೊಳವೆಗಳಿಂದ ಹೊಗೆ ಬಾಗಿ ಬಾಗಿ ಹೊರಗೇ ಹೋಗುತ್ತಿತ್ತು. ಉಚ್ಚಂಗಮ್ಮ ಎಂಬ ಮುದುಕಿ ಕಾದ ಮರಳಿನಿಂದ ಮಂಡಕ್ಕಿ ಜರಡಿ ಹಿಡಿಯುತ್ತ ಅವಳ ಕತೆಯೆಲ್ಲ ಕೇಳಿದಳು.

“ಎಷ್ಟು ಓದೀಯವ್ವ?”

“ಡಿಪ್ಲೊಮಾ, ಅಜ್ಜಿ.”

“ಅದ್ರಾಗೆ ಗಾಳಿ ಬಗ್ಗೆ ಹೇಳಿಲ್ಲೇನು?”

“ಹೇಳಿದ್ರು. ಆಷಾಢದ ಬಗ್ಗೆ ಹೇಳ್ಲಿಲ್ಲ.”

ಮುದುಕಿ ಜರಡಿ ಕೆಳಗಿಟ್ಟು ನಕ್ಕಳು. ಮಂಡಕ್ಕಿಯನ್ನು ಬೊಗಸೆಯಲ್ಲಿ ಬಾಚಿ ಪದ್ಮಶ್ರೀಯ ಮಡಿಲಿಗೆ ಸುರಿದು, ಎದ್ದು ಬಂದು ಮೇಲೆ ತೋರಿಸಿದಳು. ಕೊಳವೆ ಸುತ್ತಲಿನ ಎಲ್ಲ ಸೂರಿಗಿಂತ ಒಂದಾಳು ಎತ್ತರ. ತಲೆಗೆ ತಗಡಿನ ಟೋಪಿ, ಪಡುವಣ ಕಡೆ ಮುಚ್ಚಿ, ಎಡಬಲಕ್ಕೆ ತೆರೆದದ್ದು.

“ಗಾಳಿಗೆ ಎದುರಾಗಿ ಬಾಯಿ ತೆಗೀಬಾರ್ದವ್ವ. ಹೊಗೆನೂ ಒಳಗೇ ಹೋಗ್ತೈತೆ, ಮಾತೂ ಒಳಗೇ ಹೋಗ್ತೈತೆ. ನಮ್ಮೆಜಮಾನ ನಲವತ್ತು ವರ್ಷ ನನ್ನೆದುರು ತೆಗೀಲಿಲ್ಲ, ನೋಡು, ಚೆಂದಾಗಿದ್ದ!”

ಗುರುವಾರ ಇಡೀ ದಿನ ಅವಳು ತಗಡಿನ ಕೆಲಸದವನ ಮುಂದೆ ಕೂತಳು. ಶುಕ್ರವಾರ ಕೊಳವೆ ಟ್ಯಾಂಕನ್ನು ಮೀರಿ ಎದ್ದಿತು, ಟೋಪಿಯೂ ಏರಿತು.

ಶನಿವಾರ ಶಿವಕುಮಾರ ಇಸ್ತ್ರಿ ಅಂಗಿಯಲ್ಲೇ ಬಂದ. ಕೊಟ್ರೇಶ ಒಲೆ ಹಚ್ಚಿದ. ಹೊಗೆ ಏರಿತು. ಹೊರಗೆ ಗಾಳಿ ಬಂದು ಕಿಟಕಿಗಳನ್ನು ಅಲುಗಿಸಿತು. ಹೊಗೆ ಏರುತ್ತಲೇ ಇತ್ತು. ಕಾವಲಿಯ ಮೇಲೆ ಬೆಣ್ಣೆ ಚುರ್ರೆಂದಿತು, ಘಮ ಮಾತ್ರ ಒಳಗುಳಿಯಿತು.

ಶಿವಕುಮಾರ ತಾರಸಿಗೆ ಹೋಗಿ ನೋಡಿ ಬಂದ. “ಇಲ್ಲಿ ನಂದೇನು ಕೆಲಸ ಇಲ್ಲ ಮಾವ. ಮತ್ತೆ ಯಾಕ ಕರೆಸಿದ್ರಿ?”

“ದೋಸೆ ತಿನ್ನಾಕೆ,” ಎಂದರು ಸಾಹುಕಾರರು. “ಕೂಡ್ರು. ಪದ್ಮಶ್ರೀ, ಆ ಗೋಡೆಗೆ ಇನ್ನೊಂದು ಕೈ ಬಣ್ಣ ಹೊಡೆಸವ್ವ, ಮಸಿ ಆಗೈತೆ. ಬಾಗ್ಲಿಗೆ ಹಿಡಿಕೆ ಯಾವಾಗ ಬರ್ತವೆ?”

ಬಣ್ಣ, ಹಿಡಿಕೆ, ಪರದೆ. ಅವಳು ಎಂದೂ ಮುಟ್ಟದ ಕೆಲಸಗಳು. ಆ ದಿನಗಳಲ್ಲಿ ಅವಳು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದಳು. ಪ್ರಾರಂಭದ ದಿನ ಬೀಗದ ಕೈಯನ್ನು ಅವಳೇ ಸಾಹುಕಾರರ ಕೈಗಿಟ್ಟಳು. ಆದರೆ ಫೋಟೋದಲ್ಲಿ ಅವಳಿಲ್ಲ, ಮೇಲಿನ ಕೋಣೆಯೊಂದರಲ್ಲಿ ಸೋರುವ ನಲ್ಲಿ ಸರಿಮಾಡಿಸಲು ಹೋಗಿದ್ದಳು.

ಮಾರನೆಯ ದಿನ ಯಾವ ಕೆಲಸವೂ ಇರಲಿಲ್ಲ. ಆದರೂ ಬಂದಳು. ಮೂಲೆಯ ಮೇಜಿನಲ್ಲಿ ಕೂತಳು. ಬಡಿಸುವವನಿಗೆ ಅವಳ ಗುರುತಿಲ್ಲ, “ಏನ್ ಕೊಡ್ಲಿ ಅಕ್ಕಾ?” ಎಂದ. ಜನ ಬಂದರು, ಎದ್ದರು. ಕಿಟಕಿಯ ಬಿಸಿಲು ಒಂದು ಮಗುವಿನ ತಟ್ಟೆಯ ಮೇಲೆ ಬಿದ್ದಿತ್ತು.

ಎದುರಿಗೆ ಬಂದು ಕೂತ ಮಲೆಬೆನ್ನೂರಿನ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ ಹೇಳಿದರು: “ಎಲ್ಲ ಚೆಂದಾಗೈತೆ ನೋಡವ್ವ. ಆದ್ರೆ ಕೈ ತೊಳೆಯೋ ಜಾಗ ಅಷ್ಟು ದೂರ ಯಾಕ ಮಾಡ್ಯಾರೆ? ಯಾವ ಪುಣ್ಯಾತ್ಮ ಕಟ್ಟಿಸಿದ್ನೋ!”

ಪದ್ಮಶ್ರೀ ತಿರುಗಿ ನೋಡಿದಳು. ಹೌದು, ದೂರವೇ.

“ನಾನೇ ಕಟ್ಟಿಸಿದ್ದು ಕಣಜ್ಜಾ,” ಎಂದಳು. “ಮುಂದಿನ ಹೋಟ್ಲಾಗೆ ಹತ್ರ ಮಾಡ್ತೀನಿ.”